ಶಾಕ್ ಚಿಕಿತ್ಸೆ ಮತ್ತು ಬೋಲಂ ಅವರ ಸೊಂಟ

1954ರ ಆಗಸ್ಟ್. ಲಂಡನ್ನಿನ ಉತ್ತರ ಭಾಗದ ಫ್ರಯರ್ನ್ ಆಸ್ಪತ್ರೆ. ಖಿನ್ನತೆಯಿಂದ ನರಳುತ್ತಿದ್ದ ಜಾನ್ ಬೋಲಂ ಎಂಬವರನ್ನು ಮಂಚದ ಮೇಲೆ ಮಲಗಿಸಿದರು. ಹಲ್ಲು ಕಚ್ಚದಂತೆ ಬಾಯಿಗೆ ಗ್ಯಾಗ್ ಇಟ್ಟರು. ಗದ್ದ ಹಿಡಿದುಕೊಂಡರು. ಉರುಳಿ ಬೀಳದಿರಲಿ ಅಂತ ಮಂಚದ ಎರಡೂ ಬದಿಗೆ ಒಬ್ಬೊಬ್ಬ ನರ್ಸ್ ನಿಂತರು. ತಲೆಗೆ ಕರೆಂಟ್ ಹರಿಸಿದರು. ಮೈ ಸೆಟೆದು ಅದುರಿದ ರಭಸಕ್ಕೆ ಎರಡೂ ತೊಡೆಮೂಳೆಗಳ ತಲೆ ಸೊಂಟದ ಗುಳಿಯನ್ನು ಒಡೆದು ಒಳಗೆ ನುಗ್ಗಿತು.

ಸ್ನಾಯುಗಳನ್ನು ಸಡಿಲಿಸುವ ಮದ್ದು ಆಗಲೇ ಬಂದಿತ್ತು. ಕೆಲವು ವೈದ್ಯರು ಅದನ್ನು ಕೊಡುತ್ತಿದ್ದರು. ಕೆಲವರು ಆ ಮದ್ದಿನಿಂದಲೇ ಅಪಾಯ ಜಾಸ್ತಿ ಅಂದುಕೊಂಡು ಬಿಡುತ್ತಿದ್ದರು. ಬೋಲಂ ಕೋರ್ಟಿಗೆ ಹೋದರು. ಮದ್ದು ಕೊಡಲಿಲ್ಲ, ಸರಿಯಾಗಿ ಹಿಡಿದುಕೊಳ್ಳಲಿಲ್ಲ, ಹೀಗೆ ಮೂಳೆ ಮುರಿಯಬಹುದು ಅಂತ ಮೊದಲೇ ಹೇಳಲೂ ಇಲ್ಲ ಎನ್ನುವುದು ಅವರ ದೂರು. 1957ರಲ್ಲಿ ಅವರು ಸೋತರು. ವೈದ್ಯರಲ್ಲೇ ಒಂದು ಜವಾಬ್ದಾರಿಯುತ ಗುಂಪು ಒಪ್ಪುವ ಪದ್ಧತಿಯಲ್ಲಿ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯವಲ್ಲ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದರು. ಆ ಮಾತಿಗೆ ‘ಬೋಲಂ ಟೆಸ್ಟ್’ ಅಂತಲೇ ಹೆಸರು ಬಿತ್ತು. 2005ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅದನ್ನು ಒಪ್ಪಿಕೊಂಡಿತು. ಇವತ್ತು ಇಲ್ಲಿ ಯಾರಾದರೂ ವೈದ್ಯರ ಮೇಲೆ ನಿರ್ಲಕ್ಷ್ಯದ ದೂರು ಕೊಟ್ಟರೆ, ವಾದದ ನಡುವೆ ಆ ಮುರಿದ ಸೊಂಟದ ಕಥೆ ಹಣಕಿ ಹಾಕುತ್ತದೆ.

ಬೋಲಂ ಅವರಿಗೆ ಕೊಟ್ಟದ್ದು ಇಸಿಟಿ. ನಾವು ನೀವು ಶಾಕ್ ಟ್ರೀಟ್‌ಮೆಂಟ್, ಕರೆಂಟ್ ಕೊಡೋದು ಅನ್ನುತ್ತೇವೆ. ಹುಟ್ಟಿದ್ದು ರೋಮ್‌ನಲ್ಲಿ, 1938ರಲ್ಲಿ, ಚೆರ್ಲೆಟ್ಟಿ ಮತ್ತು ಬೀನಿ ಎಂಬ ಇಬ್ಬರು ವೈದ್ಯರ ಕೈಯಲ್ಲಿ. ಅದಕ್ಕೂ 4 ವರ್ಷ ಮೊದಲು ಹಂಗೇರಿಯ ಮೆಡುನಾ ಕರ್ಪೂರದ ಇಂಜೆಕ್ಷನ್ನಿನಿಂದ ರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸಿ ನೋಡಿದ್ದರು. ಇಲ್ಲಿ ಒಂದು ಮಾತು ಗಮನಿಸಬೇಕು. ಗುಣ ಕೊಡುವುದು ಕರೆಂಟ್ ಅಲ್ಲ, ಆ ಫಿಟ್ಸ್. ಕರೆಂಟ್ ಅದನ್ನು ಹೊತ್ತಿಸುವ ಕಡ್ಡಿ ಅಷ್ಟೆ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ರಂದು. ಇಸಿಟಿ ಅಷ್ಟರಲ್ಲಾಗಲೇ ಅಲ್ಲಿನ ಮಾನಸಿಕ ಆಸ್ಪತ್ರೆಗಳಲ್ಲಿ ಬೇರೂರಿತ್ತು. ಈಗ ಅಲ್ಲಿ ಹೇಗೆ ಕೊಡುತ್ತಾರೆ ನೋಡೋಣ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಕಾಯುವ ಕೋಣೆ ಬೇರೆ, ಚಿಕಿತ್ಸೆಯ ಕೋಣೆ ಬೇರೆ, ಎಚ್ಚರವಾಗುವ ಕೋಣೆ ಬೇರೆ. ನರ್ಸ್ ಹೆಸರು, ಹುಟ್ಟಿದ ದಿನ, ಇವತ್ತು ಯಾವ ವಾರ ಎಂದೆಲ್ಲ ಕೇಳುತ್ತಾರೆ. ಅರಿವಳಿಕೆ ವೈದ್ಯರು ಮುಂಗೈ ಮೇಲೆ ಸೂಜಿ ಹಾಕುತ್ತಾರೆ. ರೋಗಿ ನಿದ್ದೆಗೆ ಜಾರಿದ ಮೇಲೆ ಸ್ನಾಯು ಸಡಿಲಿಸುವ ಮದ್ದು, ಮುಖಕ್ಕೆ ಆಮ್ಲಜನಕ. ಮದ್ದು ಏರುವ ಮುಂಚೆ ಒಂದು ಕಾಲಿಗೋ ಕೈಗೋ ಬಿಪಿ ನೋಡುವ ಪಟ್ಟಿ ಸುತ್ತಿ ಬಿಗಿ ಮಾಡುವುದೂ ಉಂಟು. ಆ ಭಾಗಕ್ಕೆ ಮಾತ್ರ ಮದ್ದು ಇಳಿಯುವುದಿಲ್ಲ. ಕರೆಂಟ್ ಹರಿಯುವುದು ಕೆಲವೇ ಸೆಕೆಂಡು. ಆಮೇಲೆ ಇಡೀ ಮೈ ಸುಮ್ನೆ ಮಲಗಿರುತ್ತದೆ, ಪಟ್ಟಿ ಸುತ್ತಿದ ಆ ಪಾದವೋ ಕೈಯೋ ಮಾತ್ರ ಅದುರುತ್ತದೆ. ಮಿದುಳಿನ ಅಲೆಗಳು ಕಾಗದದ ಮೇಲೆ ಏರಿಳಿಯುತ್ತವೆ. ಅರ್ಧ ನಿಮಿಷವೋ, ಒಂದು ನಿಮಿಷವೋ ಕಳೆಯುವಷ್ಟರಲ್ಲಿ ಗೆರೆ ಚಪ್ಪಟೆಯಾಗುತ್ತದೆ. ಎಚ್ಚರವಾದವರಿಗೆ ಟೀ, ಟೋಸ್ಟ್ ಕೊಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಹೀಗೆ ವಾರಕ್ಕೆ 2 ಸಲ, ಒಟ್ಟು 6ರಿಂದ 12 ಸಲ. ಸಾವಿನ ಅಪಾಯ ಒಂದು ಲಕ್ಷ ಸಲಕ್ಕೆ ಸುಮಾರು 2. ಅರಿವಳಿಕೆ ಕೊಟ್ಟು ಮಾಡುವ ಬೇರೆ ಚಿಕಿತ್ಸೆಗಳ ಜೊತೆ ಹೋಲಿಸಿದರೆ ಇದು ಕಡಿಮೆಯೇ.

ಆದರೆ ಈ ಅಚ್ಚುಕಟ್ಟು ತಾನಾಗಿ ಬಂದದ್ದಲ್ಲ. 1981ರಲ್ಲಿ ಪಿಪ್ಪರ್ಡ್ ಮತ್ತು ಎಲ್ಲಮ್ ಎಂಬ ಇಬ್ಬರು ಬ್ರಿಟನ್ನಿನ ಇಸಿಟಿ ಕೇಂದ್ರಗಳನ್ನು ಸುತ್ತಿ ನೋಡಿ ವರದಿ ಬರೆದರು. ಎಷ್ಟೋ ಕಡೆ ಹಳೇ ಯಂತ್ರಗಳು. ಗುಂಡಿ ಒತ್ತುತ್ತಿದ್ದವರು ಸರಿಯಾದ ತರಬೇತಿ ಇಲ್ಲದ ಕಿರಿಯ ವೈದ್ಯರು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಇದನ್ನು ನಾಚಿಕೆಗೇಡು ಎಂದೇ ಕರೆಯಿತು. ಅಷ್ಟಾದರೂ ಬದಲಾವಣೆ ಆಮೆಗತಿಯಲ್ಲೇ ಬಂತು.

2003ರಲ್ಲಿ ಎಲ್ಲವೂ ಒಟ್ಟಿಗೆ ನಡೆಯಿತು. ಲ್ಯಾನ್ಸೆಟ್‌ನಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿದ ಲೇಖನ ಬಂತು. ಬರೀ ಅರಿವಳಿಕೆ ಕೊಟ್ಟು ಕರೆಂಟ್ ಕೊಡದೆ ಬಿಟ್ಟವರಿಗಿಂತ, ಮಾತ್ರೆ ನುಂಗಿದವರಿಗಿಂತ ಇಸಿಟಿ ಪಡೆದವರ ಖಿನ್ನತೆ ಹೆಚ್ಚು ತಗ್ಗಿತ್ತು. ಯಾವ ಚಿಕಿತ್ಸೆ ಯಾರಿಗೆ ಎಂದು ಎನ್‌ಎಚ್‌ಎಸ್‌ಗೆ ಸಲಹೆ ಕೊಡುವ ನೈಸ್ ಸಂಸ್ಥೆ ಗೆರೆ ಎಳೆಯಿತು. ತೀವ್ರ ಖಿನ್ನತೆ, ಮಾತಿಲ್ಲದೆ ಕಲ್ಲಿನಂತೆ ಕೂತುಬಿಡುವ ಕ್ಯಾಟಟೋನಿಯ, ಇಳಿಯದೇ ಉಳಿದ ಉನ್ಮಾದ. ಇವುಗಳಲ್ಲೂ ಬೇರೆ ಚಿಕಿತ್ಸೆ ಸೋತಾಗ ಅಥವಾ ಜೀವಕ್ಕೆ ಅಪಾಯವಿದ್ದಾಗ ಮಾತ್ರ. ಮನೋವೈದ್ಯರ ರಾಯಲ್ ಕಾಲೇಜು ಇಸಿಟಿ ಕೇಂದ್ರಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವ ಪದ್ಧತಿ ತಂದಿತು.

ಅದೇ ವರ್ಷ ಬಿಎಂಜೆ ಎಂಬ ಇನ್ನೊಂದು ವೈದ್ಯಕೀಯ ಪತ್ರಿಕೆಯಲ್ಲಿ ಡಯಾನಾ ರೋಸ್ ಮತ್ತು ಸಂಗಡಿಗರ ಲೇಖನ ಬಂತು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಮಾನಸಿಕ ಆರೋಗ್ಯ ಸೇವೆ ಪಡೆದವರೇ ಸಂಶೋಧಕರಾಗಿ ಈ ಕೆಲಸ ಮಾಡಿದ್ದರು. ಚಿಕಿತ್ಸೆ ಮುಗಿದ ಕೂಡಲೇ, ಆಸ್ಪತ್ರೆಯಲ್ಲೇ, ವೈದ್ಯರೇ ನಾಲ್ಕು ಪ್ರಶ್ನೆ ಕೇಳಿದರೆ ಹೆಚ್ಚಿನವರು ಒಳ್ಳೆಯದಾಯಿತು ಅನ್ನುತ್ತಿದ್ದರು. ದಿನ ಕಳೆದ ಮೇಲೆ, ಬಿಡುವಾಗಿ, ತಮ್ಮಂಥವರೇ ಕೇಳಿದರೆ ಉತ್ತರ ಬೇರೆಯಾಗುತ್ತಿತ್ತು. ಕಡಿಮೆ ಎಂದರೂ ಮೂರರಲ್ಲಿ ಒಬ್ಬರು ನೆನಪು ಹೋದದ್ದು ವಾಪಸ್ ಬಂದಿಲ್ಲ ಎಂದಿದ್ದರು.

ಇಂಥ ಮರೆವು ವೈದ್ಯರ ಪರೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ. ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿಸುವ ಪರೀಕ್ಷೆ ಇರುತ್ತದಲ್ಲ, ಅದರಲ್ಲಿ ಹೆಚ್ಚಿನವರು ಚಿಕಿತ್ಸೆ ಮುಗಿದ ಎರಡು ವಾರದಲ್ಲಿ ಮೊದಲಿನಂತಾಗುತ್ತಾರೆ. ಆದರೆ ಮಗಳ ಮದುವೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಆಲ್ಬಂ ತೆರೆದರೆ ಮುಖಗಳೆಲ್ಲ ಗೊತ್ತು, ಉಟ್ಟ ಸೀರೆಯೂ ಬೀರುವಿನಲ್ಲೇ ಇದೆ, ಆ ದಿನ ಮಾತ್ರ ತಲೆಯಲ್ಲಿಲ್ಲ. ಅದನ್ನು ಕಳೆದುಕೊಂಡವರಿಗೆ ‘ನಿಮ್ಮ ಅಂಕಗಳು ಚೆನ್ನಾಗಿವೆ’ ಅಂದರೆ ಸಂಕಟವಾಗದೇ ಇರುತ್ತದಾ? ಕರೆಂಟಿನ ಪಟ್ಟಿಗಳನ್ನು ತಲೆಯ ಎರಡೂ ಬದಿಗೆ ಇಡದೆ ಬಲಬದಿಗಷ್ಟೇ ಇಟ್ಟರೆ ಈ ನಷ್ಟ ಕಡಿಮೆ. ಹಾಗೆ ಮಾಡಿದಾಗ ಸಾಕಷ್ಟು ಪ್ರಮಾಣ ಕೊಟ್ಟರೆ ಗುಣವೂ ಬಹುಮಟ್ಟಿಗೆ ಅಷ್ಟೇ. ಇದನ್ನು ಕೇಳುವ ಹಕ್ಕು ರೋಗಿಗಿದೆ, ಮನೆಯವರಿಗೂ ಇದೆ.

ಹಾಗಾದರೆ ನಿಲ್ಲಿಸಿಬಿಡಬಾರದೇ ಅಂತ ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಣ್ಣು ತೆರೆದೇ ಇದೆ, ಆದರೆ ಚಮಚದಲ್ಲಿ ತುಟಿಗೆ ಬಿಟ್ಟ ನೀರು ಗಂಟಲಿಗಿಳಿಯದೆ ಗದ್ದದ ಮೇಲೆ ಹರಿಯುತ್ತದೆ. ಕ್ಯಾಟಟೋನಿಯದಲ್ಲಿ, ಅತಿ ತೀವ್ರ ಖಿನ್ನತೆಯಲ್ಲಿ ಈ ಸ್ಥಿತಿ ಬರುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ವಾರಗಳು ಬೇಕು. ಆ ದೇಹಕ್ಕೆ ಅಷ್ಟು ವಾರ ಇಲ್ಲ. ಮೂರು ನಾಲ್ಕು ಸಲ ಇಸಿಟಿ ಕೊಟ್ಟ ಮೇಲೆ ಇಂಥವರು ಎದ್ದು ಕೂತು ನೀರು ಕೇಳುವುದುಂಟು. ಬಾಣಂತನದ ತೀವ್ರ ಮನೋರೋಗದಲ್ಲೂ ಇದು ತಾಯಿಯನ್ನು ಉಳಿಸಿಕೊಡುತ್ತದೆ. ಗುಣ ಉಳಿಯಬೇಕಾದರೆ ಆಮೇಲೆ ಮಾತ್ರೆ ಬೇಕೇ ಬೇಕು. ಮಾತ್ರೆ ಇದ್ದರೂ ಸುಮಾರು ಅರ್ಧದಷ್ಟು ಜನರಿಗೆ ವರ್ಷದೊಳಗೆ ಕಾಯಿಲೆ ಮರಳುತ್ತದೆ. ಇದನ್ನೂ ಮೊದಲೇ ಹೇಳಬೇಕು.

ಇಂಗ್ಲೆಂಡಿನಲ್ಲಿ 1999ರ ಮೊದಲ 3 ತಿಂಗಳಲ್ಲಿ ಸುಮಾರು 2,800 ಮಂದಿಗೆ ಇಸಿಟಿ ಕೊಟ್ಟಿದ್ದರು. 2002ರ ಅದೇ 3 ತಿಂಗಳಲ್ಲಿ ಅದು ಸುಮಾರು 2,300ಕ್ಕೆ ಇಳಿದಿತ್ತು. ಹೆಚ್ಚಿನವರು ಹೆಂಗಸರು, ಅವರಲ್ಲೂ ವಯಸ್ಸಾದವರು ಬಹಳ. ‘ಬೇಡ’ ಎನ್ನುವ ಮಾತಿಗೆ ಅಲ್ಲಿನ ಕಾನೂನಿನಲ್ಲಿ ನಿಜವಾದ ತೂಕ ಬಂದದ್ದು ತಡವಾಗಿ. 2007ರ ತಿದ್ದುಪಡಿಯ ನಂತರ, ಯೋಚಿಸಿ ನಿರ್ಧರಿಸುವ ಶಕ್ತಿ ಇರುವವರು ಬೇಡ ಎಂದರೆ ತುರ್ತು ಸಂದರ್ಭ ಬಿಟ್ಟು ಕೊಡುವಂತಿಲ್ಲ. ಸ್ಕಾಟ್‌ಲೆಂಡಿನಲ್ಲಿ ಅಂಥವರಿಗೆ ತುರ್ತಿನಲ್ಲೂ ಕೊಡುವಂತಿಲ್ಲ.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್ ಇಸಿಟಿಯ ಅಧ್ಯಯನದಲ್ಲಿ ಹಳೆಯ ಹೆಸರು. ಆದರೆ ದೇಶದ ಎಷ್ಟೋ ಕಡೆ ಅರಿವಳಿಕೆ ವೈದ್ಯರಿಲ್ಲ ಎಂದು ಎಚ್ಚರವಿದ್ದ ರೋಗಿಗೇ ಕರೆಂಟ್ ಕೊಡುವುದು ಬಹಳ ಕಾಲ ನಡೆಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನಿಷೇಧಿಸಿತು. ಮಕ್ಕಳಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆ ಸಾಲದು, ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಬೋಲಂ ಅವರಿಗೆ ಸಿಗದೇ ಹೋದ ಆ ಸ್ನಾಯು ಸಡಿಲಿಸುವ ಮದ್ದು ನಮ್ಮ ರೋಗಿಗಳಿಗೆ ಕಾನೂನಿನಲ್ಲಿ ಖಾತ್ರಿಯಾಗುವಷ್ಟರಲ್ಲಿ 64 ವರ್ಷ ಹತ್ತಿರವಾಗಿತ್ತು.