ಗಿಟಾರಿನ ನಾದವನ್ನು ಚರ್ಚಿನೊಳಗೇ ಹದಮಾಡಿ

"ಮನೆಯಲ್ಲಿ ಬಹಳ ಚೆನ್ನಾಗಿತ್ತು ಸರ್." ಭಾನುವಾರದ ಪೂಜೆ ಮುಗಿದ ಮೇಲೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಈ ಮಾತಿನಿಂದಲೇ ಆರಂಭವಾಗುತ್ತವೆ. ಮಂಗಳೂರು, ಉಡುಪಿ, ಕಾರ್ಕಳದ ಚರ್ಚುಗಳಲ್ಲಿ ಧ್ವನಿವರ್ಧಕ ಅಳವಡಿಸುವುದು, ಹಬ್ಬದ ದಿನಗಳಲ್ಲಿ ಮಿಕ್ಸರ್ ಮುಂದೆ ಕೂರುವುದು ನನ್ನ ಕೆಲಸ. ಗಾಯನ ಮಂಡಳಿಯ ಹುಡುಗರು ಈಚೆಗೆ ಗಿಟಾರಿನ ಭಾರದ ಆಂಪ್ (ಆಂಪ್ಲಿಫೈಯರ್) ಬಿಟ್ಟು, ಅದರ ನಾದವನ್ನು ಅನುಕರಿಸುವ ಸಣ್ಣ ಯಂತ್ರವಾದ ಡಿಜಿಟಲ್ ಮಾಡೆಲರ್ ಹಿಡಿದಿದ್ದಾರೆ. ಒಳ್ಳೆಯದೇ ಆಯಿತು. ಸ್ಕೂಟರಿನಲ್ಲಿ ಇಟ್ಟುಕೊಂಡು ಬರಬಹುದು, ಜುಲೈ ತಿಂಗಳ ಮಳೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಡಬಹುದು. ಬಾಸ್, ಝೂಮ್, ಲೈನ್ 6, ಯಾವ ಕಂಪನಿಯದಾದರೂ ಇಂದಿನ ಸಣ್ಣ ಯಂತ್ರ ಆರಾಧನೆಗೆ ಧಾರಾಳವಾಗಿ ಸಾಕು. ಯಾವುದನ್ನು ಕೊಳ್ಳಬೇಕು ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಕೊಂಡ ಮೇಲೆ ಎಲ್ಲರೂ ಮಾಡುವ ಒಂದೇ ಒಂದು ತಪ್ಪು ನನ್ನನ್ನು ದಣಿಸಿದೆ.

ಶನಿವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಸಣ್ಣ ಧ್ವನಿಯಲ್ಲಿ, ಮೂರು ಗಂಟೆ ಕುಳಿತು ಪ್ಯಾಚ್, ಎಂದರೆ ಯಂತ್ರದಲ್ಲಿ ಉಳಿಸಿಡುವ ನಾದದ ಹೊಂದಿಕೆ, ಕಟ್ಟುತ್ತಾರೆ. ಬೆಳಿಗ್ಗೆ ಅದನ್ನೇ ತಂದು ಚರ್ಚಿನ ಮಿಕ್ಸರಿಗೆ ಚುಚ್ಚುತ್ತಾರೆ. ಆಗ ಮಂದ್ರ (ಬಾಸ್) ಗುಮ್ಮೆನ್ನುತ್ತದೆ, ತಾರ (ಟ್ರೆಬಲ್) ಕಿವಿಗೆ ಇರಿಯುತ್ತದೆ, ನಡುವಿನ ಗಿಟಾರ್ ಮಾತ್ರ ಎಲ್ಲಿಯೂ ಕೇಳಿಸುವುದಿಲ್ಲ.

ಯಂತ್ರ ಕೆಟ್ಟಿಲ್ಲ, ನಿಮ್ಮ ಕಿವಿಯೂ ಕೆಟ್ಟಿಲ್ಲ. ಮನುಷ್ಯನ ಕಿವಿ ಇರುವುದೇ ಹಾಗೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಧ್ವನಿ ಸಣ್ಣದಾಗಿದ್ದಾಗ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳಿಸುವುದಿಲ್ಲ, ಅತಿ ತಾರವೂ ಸ್ವಲ್ಪ ಮಸುಕಾಗುತ್ತದೆ. 40 ಡೆಸಿಬೆಲ್‌ನಲ್ಲಿರುವ 1000 ಹರ್ಟ್ಸ್ ಸ್ವರದಷ್ಟೇ ಜೋರಾಗಿ 100 ಹರ್ಟ್ಸ್‌ನ ಮಂದ್ರ ಸ್ವರ ಕೇಳಿಸಬೇಕಾದರೆ ಅದಕ್ಕೆ 60ಕ್ಕೂ ಹೆಚ್ಚು ಡೆಸಿಬೆಲ್ ಬೇಕು. ಧ್ವನಿ ಏರಿದಂತೆ ಈ ಅಂತರ ಇಳಿಯುತ್ತಾ ಬರುತ್ತದೆ. ಮನೆಯಲ್ಲಿ ಸಣ್ಣ ಧ್ವನಿಗೆ ಮಂದ್ರ ಸಾಲದು ಎನ್ನಿಸಿ ಬಾಸ್ ಏರಿಸುತ್ತೀರಿ, ಹೊಳಪು ಸಾಲದು ಎನ್ನಿಸಿ ಟ್ರೆಬಲ್ ಏರಿಸುತ್ತೀರಿ. ಆ ಕ್ಷಣಕ್ಕೆ ಅದು ಸರಿಯೇ. ಆದರೆ ಬೆಳಿಗ್ಗೆ ದೊಡ್ಡ ಸ್ಪೀಕರಿನಲ್ಲಿ ಧ್ವನಿ ಏರಿದಾಗ ಕಿವಿಗೆ ಆ ನೆರವು ಬೇಡ. ನೀವು ಕೊಟ್ಟದ್ದು ಹಾಗೆಯೇ ಉಳಿದಿರುತ್ತದೆ.

ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ರಾತ್ರಿ ದೂರದ ಗದ್ದೆಯಲ್ಲಿ ಯಕ್ಷಗಾನ ನಡೆಯುತ್ತಿದ್ದರೆ ಮನೆಯಂಗಳಕ್ಕೆ ತಲುಪುವುದು ಚೆಂಡೆಯ ಪೆಟ್ಟು ಮಾತ್ರ. ರಂಗಸ್ಥಳದ ಹತ್ತಿರ ಹೋದಂತೆ ಮದ್ದಳೆಯ ಮಂದ್ರ ನಾದ ತೆರೆದುಕೊಳ್ಳುತ್ತದೆ. ಅದಕ್ಕೆ ಬೇರೆ ಕಾರಣಗಳೂ ಇವೆ, ಒಪ್ಪುತ್ತೇನೆ. ಆದರೆ ಅಂಗಳದಲ್ಲಿ ಕುಳಿತು ಮದ್ದಳೆ ಸಾಲದು ಎಂದು ಯಾರಾದರೂ ತೀರ್ಮಾನಿಸಿದರೆ ನೀವು ಒಪ್ಪುತ್ತೀರಾ? ಹೆಡ್‌ಫೋನ್ ಪ್ಯಾಚ್ ಅಂಥದೇ ತೀರ್ಮಾನ.

ಎರಡು ವರ್ಷಗಳ ಹಿಂದೆ ಉಡುಪಿ ಸಮೀಪದ ಒಂದು ಚರ್ಚಿನ ವಾರ್ಷಿಕ ಹಬ್ಬ. ಮುದ್ರಣಾಲಯದಲ್ಲಿ ದುಡಿಯುವ ಹುಡುಗನೊಬ್ಬ ಉಳಿತಾಯದ ಹಣದಲ್ಲಿ ಮಾಡೆಲರ್ ಕೊಂಡಿದ್ದ, ಮೂರು ವಾರ ರಾತ್ರಿ ಕುಳಿತು ಕಾಣಿಕೆ ಗೀತೆಗೆಂದು ಒಂದು ನಾದ ಕಟ್ಟಿದ್ದ. ಮೊದಲ ಸಾಲಿಗೇ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಶ್ರವಣಯಂತ್ರ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮಿಕ್ಸರ್ ಮುಂದಿದ್ದವನು ನಾನಲ್ಲ, ಆದರೆ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ: ಗಿಟಾರಿನ ಧ್ವನಿ ಏರಿಳಿಸುವ ಫೇಡರ್ ಪೂರ್ತಿ ಕೆಳಗೆ ಬಂತು. ಹುಡುಗ ಉಳಿದ ಪೂಜೆಯುದ್ದಕ್ಕೂ ಯಾರಿಗೂ ಕೇಳಿಸದ ಗಿಟಾರ್ ನುಡಿಸುತ್ತಾ ನಿಂತಿದ್ದ. ಆ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ.

ಮುಂದಿನ ಗುರುವಾರ ಅವನನ್ನು ಚರ್ಚಿಗೆ ಕರೆದೆ. ಉದ್ದದ ಕೇಬಲ್ ಕೊಟ್ಟು, ಗಿಟಾರ್ ಸಮೇತ ಜನ ಕೂರುವ ಬೆಂಚುಗಳ ನಡುವೆ ನಿಲ್ಲಿಸಿದೆ. ಭಾನುವಾರದಷ್ಟೇ ಧ್ವನಿ ಇಟ್ಟೆವು. ನನ್ನ ಮೀಟರಿನಲ್ಲಿ 80ರಿಂದ 85 ಡೆಸಿಬೆಲ್ ತೋರಿಸುತ್ತಿತ್ತು. ಮೀಟರ್ ಇಲ್ಲದವರಿಗೆ ಮೊಬೈಲ್ ಆ್ಯಪ್ ಅಷ್ಟು ನಿಖರವಲ್ಲದಿದ್ದರೂ ಅಂದಾಜಿಗೆ ಸಾಕಾದೀತು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು, 6000ಕ್ಕಿಂತ ಮೇಲಿನದನ್ನೂ ಕತ್ತರಿಸಿದೆವು. ಬಾಸ್ ಇಳಿಸಿ ನಡುವಿನ ಸ್ವರಗಳ ಮಿಡ್ ಏರಿಸಿದೆವು, ನಾದದ ಒರಟುತನ ಹೆಚ್ಚಿಸುವ ಗೇನ್ ಅರ್ಧಕ್ಕೆ ತಂದೆವು. ಈ ಅಂಕಿಗಳನ್ನು ಹಾಗೆಯೇ ನಕಲು ಮಾಡಬೇಡಿ. ಅವು ಆ ಚರ್ಚಿನ, ಆ ಗಿಟಾರಿನ ಅಂಕಿಗಳು. "ಇದು ಮನೆಯಲ್ಲಿದ್ದಷ್ಟು ಚೆಂದ ಇಲ್ಲವಲ್ಲ" ಎಂದು ಅವನು ಮುಖ ಸಣ್ಣದು ಮಾಡಿದ. ಒಂಟಿಯಾಗಿ ಕೇಳಿದರೆ ನಿಜವಾಗಿಯೂ ಚೆಂದ ಇರಲಿಲ್ಲ. ಅಷ್ಟರಲ್ಲಿ ಕೀಬೋರ್ಡಿನವಳು ಬಂದಳು, ಆರು ಮಂದಿ ಹಾಡುಗಾರರು ಬಂದರು. ಎರಡನೆಯ ಚರಣಕ್ಕೆ ಅವನು ತಲೆ ಎತ್ತಿ ನನ್ನನ್ನು ನೋಡಿದ. ಗಿಟಾರ್ ತನ್ನ ಜಾಗದಲ್ಲಿ ಕುಳಿತಿತ್ತು, ಯಾರ ಸ್ವರವನ್ನೂ ಮುಚ್ಚಿರಲಿಲ್ಲ. ಅಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ಮಾಡೆಲರಿನೊಳಗೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಕ್ಯಾಬಿನೆಟ್ ಬ್ಲಾಕಿನ ಬಗ್ಗೆಯೂ ಕೇಳುತ್ತಾರೆ. ಮಿಕ್ಸರಿಗೆ ಕೊಡುವಾಗ ಅದು ಆನ್ ಇರಲೇಬೇಕು, ಗಿಟಾರ್ ಆಂಪಿನ ಮುಂಭಾಗಕ್ಕೆ ಕೊಡುವಾಗ ಸಾಮಾನ್ಯವಾಗಿ ಆಫ್. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಧ್ವನಿಯನ್ನು ಬೇಗನೆ ಇಳಿಸಿಬಿಡುತ್ತದೆ, ಚರ್ಚಿನ ಸ್ಪೀಕರ್ ಹಾಗೆ ಮಾಡುವುದಿಲ್ಲ. ಕೆಲವು ಮೈಕುಗಳಿಗೆಂದು ಮಿಕ್ಸರ್ ಕಳಿಸುವ 48 ವೋಲ್ಟ್ ವಿದ್ಯುತ್ತು, ಎಂದರೆ ಫ್ಯಾಂಟಮ್ ಪವರ್, ಮಾಡೆಲರ್ ಚುಚ್ಚಿದ ಚಾನೆಲ್ಲಿಗೆ ಹೋಗದಂತೆ ನೋಡಿಕೊಳ್ಳಿ. ಕೆಲವು ಯಂತ್ರಗಳು ತಡೆದುಕೊಳ್ಳುತ್ತವೆ, ಎಲ್ಲವೂ ಅಲ್ಲ.

ರಿವರ್ಬ್, ಎಂದರೆ ಧ್ವನಿಗೆ ಕೂಡಿಸುವ ಮೊಳಗು, ಅದರ ಬಗ್ಗೆ ಮಾತ್ರ ಇನ್ನೊಂದಿಷ್ಟು ಹೇಳಬೇಕು, ಏಕೆಂದರೆ ಅದೂ ಹೆಡ್‌ಫೋನಿನದೇ ಇನ್ನೊಂದು ಮೋಸ. ಆರಾಧನಾ ಸಂಗೀತದ ಹುಡುಗರಿಗೆ ಉದ್ದನೆಯ ರಿವರ್ಬ್, ಅದರ ಮೇಲೆ ಸ್ವರವನ್ನು ತಡವಾಗಿ ಮರುಕಳಿಸುವ ಡಿಲೇ ಬಹಳ ಇಷ್ಟ. ಹೆಡ್‌ಫೋನಿನಲ್ಲಿ ಕೋಣೆಯೇ ಇಲ್ಲದ ಕಾರಣ ಅದು ಹಿತವಾಗಿ ಕೇಳಿಸುತ್ತದೆ. ನಮ್ಮ ಚರ್ಚುಗಳಿಗೋ ಎತ್ತರದ ಮಾಡು, ಗಾರೆ ಗೋಡೆ, ನುಣುಪು ನೆಲ; ಚಪ್ಪಾಳೆ ತಟ್ಟಿದರೆ ಅದರ ಬಾಲ ಬಲಿಪೀಠದವರೆಗೆ ಹೋಗಿ ಬರುತ್ತದೆ. ಮರದ ಮುಚ್ಚಿಗೆ, ಹಂಚಿನ ಮಾಡಿನ ಹಳೆಯ ಚರ್ಚು ಒಂದು ರೀತಿ, ಕಾಂಕ್ರೀಟ್ ಚಾವಣಿಯ ಹೊಸದು ಇನ್ನೊಂದು ರೀತಿ. ಕಟ್ಟಡ ಕೊಡುತ್ತಿರುವ ರಿವರ್ಬ್ ಮೇಲೆ ನಿಮ್ಮದನ್ನೂ ಸುರಿದರೆ ಹಾಡಿನ ಪದಗಳು ಮುಳುಗುತ್ತವೆ. ಜನ ಪದ ಕೇಳಿ ದನಿಗೂಡಿಸುವವರು. ಪದ ಕೇಳಿಸದಿದ್ದರೆ ಸುಮ್ಮನಾಗುತ್ತಾರೆ. ಜನ ಹಾಡುವುದು ನಿಂತಿತು ಎಂದರೆ ನನಗೆ ಬಹಳ ನೋವಾಗುತ್ತದೆ. ರಿವರ್ಬನ್ನು ಪೂರ್ತಿ ತೆಗೆದು ಆರಂಭಿಸಿ, ಬೇಕೆನ್ನಿಸಿದಷ್ಟೇ ಸೇರಿಸಿ.

ಮನೆಯಲ್ಲಿ ಅಭ್ಯಾಸ ಬೇಡ ಎಂದಲ್ಲ. ಬೆರಳು ಮನೆಯಲ್ಲಿ ಪಳಗಲಿ, ಫುಟ್‌ಸ್ವಿಚ್ ಯಾವ ಗೀತೆಗೆ ಯಾವುದು ಎಂಬುದೂ ಅಲ್ಲಿಯೇ ಬಾಯಿಪಾಠವಾಗಲಿ. ಬಾಸ್, ಟ್ರೆಬಲ್, ರಿವರ್ಬ್ ಈ ಮೂರನ್ನು ಮಾತ್ರ ಚರ್ಚಿಗೆ ಉಳಿಸಿಕೊಳ್ಳಿ. ವಾರದ ನಡುವೆ ಒಂದು ಸಂಜೆ ಕೀಲಿ ಕೇಳಿದರೆ ಧರ್ಮಗುರುಗಳಾಗಲಿ ಸಭಾಪಾಲಕರಾಗಲಿ ಇಲ್ಲವೆಂದದ್ದನ್ನು ನಾನು ಕಂಡಿಲ್ಲ. ಖಾಲಿ ಚರ್ಚು ತುಂಬಿದ ಚರ್ಚಿಗಿಂತ ಹೆಚ್ಚು ಮೊಳಗುತ್ತದೆ. ನಾನೂರು ಜನರ ಮೈ, ಬಟ್ಟೆ ಧ್ವನಿಯನ್ನು, ಅದರಲ್ಲೂ ತಾರವನ್ನು, ಹೀರುತ್ತವೆ. ಆದ್ದರಿಂದ ಭಾನುವಾರ ಪ್ರವೇಶ ಗೀತೆಯ ಹೊತ್ತಿಗೆ ಗೆಳೆಯನೊಬ್ಬನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ. ಗಿಟಾರ್ ಕೇಳಿಸುತ್ತದೆಯೇ ಎಂದು ಅವನನ್ನು ಕೇಳಬೇಡಿ, ಪಕ್ಕದವರು ಹಾಡುತ್ತಿದ್ದಾರೆಯೇ ಎಂದು ಕೇಳಿ.