ಇದ್ದುದರಲ್ಲಿ ದೊಡ್ಡದು ಕೊಡಿ

ವಾರಕ್ಕೆ ನಾಲ್ಕು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಗಿರಾಕಿ ಒಳಗೆ ಬರುತ್ತಾರೆ, ತೇವ ಕಾಯುವ ಕೋಣೆಯ ಗಾಜಿನ ಬಾಗಿಲ ಮುಂದೆ ನಿಂತು ಸಿಗಾರ್ ಪೆಟ್ಟಿಗೆಗಳ ಸಾಲನ್ನು ಎರಡು ನಿಮಿಷ ನೋಡುತ್ತಾರೆ, ಆಮೇಲೆ ನನ್ನ ಕಡೆ ತಿರುಗುತ್ತಾರೆ. “ಕ್ಯೂಬಾದ್ದೇ ಬೇಕು. ಘಾಟು ಚೆನ್ನಾಗಿರಬೇಕು. ಇದ್ದುದರಲ್ಲಿ ದೊಡ್ಡದು ಕೊಡಿ.” ಅರಬರೂ ಹೀಗೆ ಹೇಳುತ್ತಾರೆ, ರಷ್ಯನ್ನರೂ ಹೇಳುತ್ತಾರೆ. ಆದರೆ ನಮ್ಮ ಊರ ಕಡೆಯವರು ಹೇಳಿದಾಗ ನನಗೆ ಒಂದು ಪಾಲು ಸಿಟ್ಟು ಹೆಚ್ಚೇ ಬರುತ್ತದೆ. ಗಾಂಧಾರಿ ಮೆಣಸು ಕಚ್ಚಿ ಬೆಳೆದವರಿಗೆ, ಗಾತ್ರಕ್ಕೂ ಖಾರಕ್ಕೂ ನಂಟಿಲ್ಲ ಎಂಬುದನ್ನು ದುಬೈನಲ್ಲಿ ನಿಂತು ನಾನು ಹೇಳಿಕೊಡಬೇಕೇ?

ನಾನು ಬಂಟ್ವಾಳ ತಾಲ್ಲೂಕಿನವನು. ಸಿಗಾರ್ ಮಾರಾಟಕ್ಕೆ ಬಂದು ಹದಿನೇಳು ವರ್ಷವಾಯಿತು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇದನ್ನು ಅಂಗಡಿಯಲ್ಲೂ ಹೇಳುತ್ತೇನೆ, ಮಾಲೀಕರ ಮುಖ ಸಪ್ಪಗಾದರೂ ಸರಿ. ಸೇದದವರು ಇದನ್ನು ಓದಿ ಸೇದಲು ಹೊರಡಬೇಡಿ. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಹಾಗಾಗಿ ಅಪಾಯವಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗೆ ಆ ಸಮಾಧಾನ ಗೊತ್ತಿಲ್ಲ. ದೊಡ್ಡ ಅಳತೆಯ ಒಂದು ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಇಷ್ಟು ತಿಳಿದೂ ವರ್ಷಕ್ಕೆ ಒಂದೋ ಎರಡೋ ಸೇದುವ ವಯಸ್ಕರು ದುಡ್ಡನ್ನಾದರೂ ವಿವೇಕದಿಂದ ಸುಡಲಿ ಎಂಬುದಷ್ಟೇ ನನ್ನ ಕಾಳಜಿ.

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಗುತ್ತಿಗೆದಾರರು ಬಂದಿದ್ದರು. ಧಾರಾಳ ಮನುಷ್ಯ, ಮಾತು ದೊಡ್ಡದು, ನಗು ಇನ್ನೂ ದೊಡ್ಡದು. ಘಾಟು ಬೇಕು, ದೊಡ್ಡದು ಬೇಕು ಎಂದರು. ಆ ದಿನ ನಮ್ಮಲ್ಲಿದ್ದ ಅತಿ ಉದ್ದದ್ದು ಓಯೊ ದೆ ಮೊಂತೆರೇ ಎಂಬ ಬ್ರ್ಯಾಂಡಿನ ಡಬಲ್ ಕೊರೋನಾ. “ಇದು ಸೌಮ್ಯ, ನೀವು ಹೇಳುವ ಘಾಟು ಇದರಲ್ಲಿಲ್ಲ” ಎಂದು ನಾನು ಹೇಳುವಷ್ಟರಲ್ಲಿ ಅವರು ಕಾರ್ಡ್ ತೆಗೆದಿದ್ದರು. ಮರುದಿನ ವಾಪಸ್ ಬಂದರು. ಇದು ನಕಲಿ ಮಾಲು, ಎರಡು ಗಂಟೆ ಸೇದಿದರೂ ಏನೂ ಆಗಲಿಲ್ಲ, ಹಾಲು ಜಾಸ್ತಿಯಾದ ಕಾಫಿಯಂತಿತ್ತು ಎಂದು ಜಗಳ. ನಕಲಿಯಲ್ಲ ಸ್ವಾಮಿ, ಓಯೊ ಇರುವುದೇ ಹಾಗೆ. ಆ ಹಾಲುಗಾಫಿಯ ಹದಕ್ಕೆಂದೇ ಜಗತ್ತಿನಾದ್ಯಂತ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಇದೊಂದು ವಿಷಯವನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ಇಲ್ಲಿ ಬೇಕೆಂದೇ ಎಳೆದು ಹೇಳುತ್ತೇನೆ. ಕ್ಯೂಬಾದಲ್ಲಿ ಪ್ರತಿ ಸಿಗಾರ್‌ಗೂ ಎರಡು ಹೆಸರು. ಒಂದು ಪೆಟ್ಟಿಗೆಯ ಮೇಲೆ ಅಚ್ಚಾಗುವ ಮಾರಾಟದ ಹೆಸರು. ಇನ್ನೊಂದು ಕಾರ್ಖಾನೆಯೊಳಗಿನ ಹೆಸರು, ಅದು ಅಳತೆಯದು. ಓಯೊ ಡಬಲ್ ಕೊರೋನಾದ ಕಾರ್ಖಾನೆ ಹೆಸರು ಪ್ರಾಮಿನೆಂತೆಸ್: ಉದ್ದ 194 ಮಿಲಿಮೀಟರ್, ದಪ್ಪ 49 ರಿಂಗ್. ರಿಂಗ್ ಎಂದರೆ ಒಂದು ಅಂಗುಲದ 64ನೇ ಒಂದು ಭಾಗ. ಈಗ ಪಾರ್ತಗಾಸ್ ಬ್ರ್ಯಾಂಡಿನ ಲೂಸಿತಾನಿಯಾಸ್ ತೆಗೆದುಕೊಳ್ಳಿ. ಅದೂ ಪ್ರಾಮಿನೆಂತೆಸ್, ಅದೇ 194, ಅದೇ 49. ಮೇಲೆ ಸುತ್ತಿದ ಹೆಸರಿನ ಕಾಗದ ಕಿತ್ತು ಎರಡನ್ನೂ ಮೇಜಿನ ಮೇಲಿಟ್ಟರೆ ಅಳತೆಪಟ್ಟಿ ಹಿಡಿದರೂ ವ್ಯತ್ಯಾಸ ಸಿಗುವುದಿಲ್ಲ. ಹಚ್ಚಿ ನೋಡಿ. ಓಯೊ ದೇವದಾರು ಮರ, ಕೆನೆ, ಒಣಹುಲ್ಲು ಎಂದು ಮೆಲುದನಿಯಲ್ಲಿ ಮಾತಾಡುತ್ತದೆ. ಲೂಸಿತಾನಿಯಾಸ್ ಮಳೆ ಬಿದ್ದ ಮಣ್ಣು, ಕರಿಮೆಣಸು, ತೊಗಲು ಎಂದು ಎದೆಯ ಮೇಲೆ ಕೈಯಿಟ್ಟು ತಳ್ಳುತ್ತದೆ. ಅಳತೆ ಒಂದೇ, ಜಾತಕ ಬೇರೆ.

ಜಾತಕ ಬರೆಯುವುದು ಮಿಶ್ರಣ. ಗಿಡದ ಕೆಳಗಿನ ಎಲೆ ವೊಲಾದೊ, ಚೆನ್ನಾಗಿ ಉರಿಯುವುದಷ್ಟೇ ಅದರ ಕೆಲಸ. ನಡುವಿನದು ಸೇಕೊ, ಪರಿಮಳ ಅದರದು. ಮೇಲಿನದು ಲಿಗೇರೊ. ಬಿಸಿಲನ್ನೆಲ್ಲ ನೆತ್ತಿಯ ಮೇಲೆ ಹೊತ್ತು ದಪ್ಪಗೆ, ಜಿಡ್ಡುಜಿಡ್ಡಾಗಿ ಬೆಳೆಯುವ ಈ ಎಲೆಯಲ್ಲೇ ಘಾಟು ಕೂತಿರುವುದು. ತುತ್ತತುದಿಯ ಒಂದೆರಡು ಎಲೆಗಳಿಗೆ ಮೆದಿಯೊ ತಿಯೆಂಪೊ ಎನ್ನುತ್ತಾರೆ, ಅವು ಎಲ್ಲ ಗಿಡಗಳಲ್ಲೂ ಬರುವುದಿಲ್ಲ. 2010ರಲ್ಲಿ ಬಂದ ಕೊಯೀಬಾ ಬ್ರ್ಯಾಂಡಿನ ಬೆಹೀಕೆ ಸಾಲಿನ ಹೆಮ್ಮೆಯೆಲ್ಲ ಆ ಎಲೆಯ ಮೇಲೆ ನಿಂತಿದೆ. ಯಾವ ಬ್ರ್ಯಾಂಡಿನಲ್ಲಿ ಲಿಗೇರೊ ಎಷ್ಟು, ಸೇಕೊ ಎಷ್ಟು ಎಂಬ ಲೆಕ್ಕ ಘಾಟನ್ನು ತೀರ್ಮಾನಿಸುತ್ತದೆಯೇ ಹೊರತು ಉದ್ದ ಅಲ್ಲ. ನಂಬದವರಿಗೆ ನಾನು ತೋರಿಸುವುದು ಪಾರ್ತಗಾಸ್ ಶಾರ್ಟ್ಸ್. ಬರೀ 110 ಮಿಲಿಮೀಟರ್, 42 ರಿಂಗ್, ಅಂಗೈಯಲ್ಲಿ ಮುಚ್ಚಿ ಹೋಗುತ್ತದೆ. “ಅಭ್ಯಾಸವಿಲ್ಲ, ಚಿಕ್ಕದೊಂದು ಸಾಕು” ಎಂದು ಅದನ್ನು ಒಯ್ದು, ಹೊಟ್ಟೆ ಖಾಲಿಯಿರುವಾಗ ಹಚ್ಚಿ, ಅರ್ಧಕ್ಕೇ ಬೆವರಿ ಬಿಳಿಚಿಕೊಂಡವರಿಗೆ ನಾನೇ ಸಕ್ಕರೆ ನೀರು ಕುಡಿಸಿದ್ದೇನೆ. ಸಕ್ಕರೆ ನೀರು ನಮ್ಮ ವೃತ್ತಿಯ ರೂಢಿ, ಔಷಧವಲ್ಲ. ತಲೆಸುತ್ತು ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಬೇಕು.

ವಕೀಲರಂತೆ ಒಂದು ತಿದ್ದುಪಡಿಯನ್ನೂ ಸೇರಿಸಬೇಕು. ಒಂದೊಂದು ದಮ್ಮಿನ ಘಾಟಿಗೆ ಗಾತ್ರ ಕಾರಣವಲ್ಲ, ನಿಜ. ಒಟ್ಟು ಲೆಕ್ಕಕ್ಕೆ ಬಂದರೆ ಗಾತ್ರ ಕಾರಣವೇ. 124 ಮಿಲಿಮೀಟರ್ ಉದ್ದದ, 50 ರಿಂಗ್‌ನ ರೊಬುಸ್ತೊ ಎಂಬ ಅಳತೆಯದಕ್ಕಿಂತ ಡಬಲ್ ಕೊರೋನಾದಲ್ಲಿ ಸುಮಾರು ಒಂದೂವರೆ ಪಟ್ಟು ಎಲೆಯಿದೆ. ಅಷ್ಟೂ ನಿಮ್ಮ ಬಾಯಿಯ ಮೂಲಕವೇ ಹಾದುಹೋಗಬೇಕು. ಉದ್ದದ ಸಿಗಾರ್‌ನಲ್ಲಿ ಮೊದಲ ಅರ್ಧ ಗಂಟೆ ಹೊಗೆ ತಣ್ಣಗೆ, ಹಗುರವಾಗಿ ಬರುತ್ತದೆ. ಬೆಂಕಿಯಿಂದ ತುಟಿಯವರೆಗಿನ ಎಲೆಯೇ ಅದಕ್ಕೆ ಜರಡಿ. ಆ ಜರಡಿ ಹಿಡಿದಿಟ್ಟದ್ದೆಲ್ಲ ಕೊನೆಯ ಮೂರನೇ ಭಾಗದಲ್ಲಿ ಗಟ್ಟಿಯಾಗಿ ಹೊರಬರುತ್ತದೆ. ಸಾರಿನ ಪಾತ್ರೆಯಲ್ಲಿ ಮೇಲೆ ತಿಳಿ, ತಳದಲ್ಲಿ ಗಸಿ ಇರುವ ಹಾಗೆ. ಗಸಿ ಕೆಲವರಿಗೆ ಇಷ್ಟ. ಇಷ್ಟವಿಲ್ಲದವರು ಅಲ್ಲಿಗೇ ಬೂದಿಬಟ್ಟಲಲ್ಲಿ ಇಟ್ಟುಬಿಡಿ. ಕಾಸು ಕೊಟ್ಟಿದ್ದೇನೆ ಎಂದು ಬೆರಳು ಸುಡುವವರೆಗೆ ಎಳೆಯುವುದನ್ನು ನೋಡಲು ನನಗೆ ಆಗುವುದಿಲ್ಲ.

ಇನ್ನು ದಪ್ಪದ ಹುಚ್ಚು. ಈಗಿನವರಿಗೆ 52, 54, 56 ರಿಂಗ್ ಆದರೇ ತೃಪ್ತಿ. 192 ಮಿಲಿಮೀಟರ್ ಉದ್ದ, 38 ರಿಂಗ್‌ನ ಕೊಯೀಬಾ ಲಾನ್ಸೆರೊ ತೋರಿಸಿದರೆ “ಇದು ಹೆಂಗಸರದ್ದಲ್ಲವೇ” ಎಂದು ಕೇಳಿದವರಿದ್ದಾರೆ. ಫಿದೆಲ್ ಕಾಸ್ಟ್ರೊ 1985ರಲ್ಲಿ ಸೇದುವುದನ್ನು ಬಿಡುವವರೆಗೆ ಅವರ ಹೆಸರಿನೊಡನೆ ಅಂಟಿಕೊಂಡಿದ್ದುದು ಈ ಸಪೂರ ಕಡ್ಡಿಯೇ ಎಂದರೆ ಸುಮ್ಮನಾಗುತ್ತಾರೆ. ಲೆಕ್ಕ ನೋಡಿ: 38 ರಿಂಗ್‌ನಿಂದ 52 ರಿಂಗ್‌ಗೆ ಹೋದರೆ ಸುತ್ತಳತೆ ಬೆಳೆಯುವುದು ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಒಳಗಿನ ಜಾಗ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೊರಗಿನ ಎಲೆಯನ್ನು ಹೋಳಿಗೆಯ ಕಣಕ ಎಂದುಕೊಳ್ಳಿ, ಒಳಗಿನದನ್ನು ಹೂರಣ. ಸಪೂರದ್ದರಲ್ಲಿ ಪ್ರತಿ ತುತ್ತಿಗೂ ಕಣಕದ ರುಚಿ ಸಿಗುತ್ತದೆ, ದಪ್ಪದ್ದರಲ್ಲಿ ಹೂರಣವೇ ಹೂರಣ. ಆ ಹೊರ ಎಲೆಗಾಗಿಯೇ ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ, ವುವೆಲ್ತಾ ಅಬಾಹೊದ ಹೊಲಗಳಿಗೆ ಮೇಲೆಲ್ಲ ತೆಳು ಬಟ್ಟೆಯ ಚಪ್ಪರ ಕಟ್ಟಿ ಬೆಳೆಸುತ್ತಾರೆ. ಅಷ್ಟು ನಾಜೂಕಾಗಿ ಬೆಳೆದದ್ದನ್ನು ಸವಿಯಬೇಕೆಂದಿದ್ದರೆ 56 ರಿಂಗ್ ಅದಕ್ಕೆ ಜಾಗವಲ್ಲ. ಹಾಗೆಂದು ದಪ್ಪ ಸಿಗಾರ್ ಕೀಳಲ್ಲ. ಮಿಶ್ರಣಕಾರನಿಗೆ ಅದರಲ್ಲಿ ಕೈಯಾಡಿಸಲು ಜಾಗ ಹೆಚ್ಚು, ನಿಧಾನವಾಗಿ, ತಣ್ಣಗೆ ಉರಿಯುತ್ತದೆ, ಅವಸರದವರನ್ನು ಕ್ಷಮಿಸುತ್ತದೆ. ಲಾನ್ಸೆರೊ ಕ್ಷಮಿಸುವುದಿಲ್ಲ. ಬೇಗಬೇಗ ಎಳೆದರೆ ಬಿಸಿಯಾಗಿ ನಾಲಗೆ ಕಹಿ ಮಾಡಿ ಸೇಡು ತೀರಿಸಿಕೊಳ್ಳುತ್ತದೆ. ನಾನಾದರೋ ಸಪೂರದವನು, ನನ್ನ ಮಾತಿನಲ್ಲಿ ಅಷ್ಟು ಪಕ್ಷಪಾತ ಇದ್ದೇ ಇದೆ.

ಬಣ್ಣದ ಬಗ್ಗೆ ಒಂದೇ ಮಾತು. ಕಪ್ಪಗಿದ್ದರೆ ಘಾಟು ಎನ್ನುವವರು ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆದುಕೊಳ್ಳಲಿ.

ಹಾಗಾದರೆ ನಾನು ಏನು ಕೇಳುತ್ತೇನೆ? ಎಷ್ಟು ಹೊತ್ತು ಕೂರುತ್ತೀರಿ ಎಂದು ಮೊದಲು ಕೇಳುತ್ತೇನೆ. ಚರ್ಚಿಲ್ ಹೆಸರಿನ ಅಳತೆ, ಅಂದರೆ ಕಾರ್ಖಾನೆ ಹೆಸರಿನಲ್ಲಿ ಹುಲಿಯೆತಾ ನಂಬರ್ 2, 178 ಮಿಲಿಮೀಟರ್ ಉದ್ದ, 47 ರಿಂಗ್. ರೋಮಿಯೋ ಹುಲಿಯೆತಾದ ಚರ್ಚಿಲ್ಸ್ ಅದೇ, ಕೊಯೀಬಾ ಎಸ್ಪ್ಲೆಂದಿದೋಸ್ ಅದೇ, ಎಚ್. ಉಪ್ಮನ್ ಸರ್ ವಿನ್‌ಸ್ಟನ್ ಅದೇ. ಮೂರಕ್ಕೂ ಒಂದೂವರೆ ಗಂಟೆ ಬೇಕು. ಡಬಲ್ ಕೊರೋನಾಕ್ಕೆ ಎರಡು ಗಂಟೆ, ಮಾತುಗಾರರಿಗೆ ಇನ್ನೂ ಹೆಚ್ಚು. ಊಟದ ಬಿಡುವಿನ ನಲವತ್ತು ನಿಮಿಷಕ್ಕೆಂದು ಲೂಸಿತಾನಿಯಾಸ್ ಕೇಳುವ ಬ್ಯಾಂಕ್ ಅಧಿಕಾರಿಗಳಿಗೆ ನಾನು ಮಾರುವುದೇ ಇಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ 1962ರ ಫೆಬ್ರವರಿಯಲ್ಲಿ ಕ್ಯೂಬಾದ ಮೇಲಿನ ವ್ಯಾಪಾರ ನಿರ್ಬಂಧಕ್ಕೆ ಸಹಿ ಹಾಕುವ ಮುನ್ನ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಅವರನ್ನು ಅಂಗಡಿಗಳಿಗೆ ಓಡಿಸಿ ಸಾವಿರಕ್ಕೂ ಹೆಚ್ಚು ಸಿಗಾರ್ ತರಿಸಿಕೊಂಡರಂತೆ. ಸಾಲಿಂಜರ್ ಅವರೇ ಮುಂದೆ ಹೇಳಿಕೊಂಡ ಸಂಗತಿ ಇದು. ತರಿಸಿಕೊಂಡದ್ದು ಏನು? ಪುಟಾಣಿ ಪೆಟಿಟ್ ಉಪ್ಮನ್. ಕೆಲಸವಿದ್ದ ಮನುಷ್ಯ.

ಎರಡನೆಯದಾಗಿ ಕಾಫಿ ಹೇಗೆ ಕುಡಿಯುತ್ತೀರಿ ಎಂದು ಕೇಳುತ್ತೇನೆ. ಶಾಸ್ತ್ರವೇನಲ್ಲ, ಆದರೆ ಹತ್ತರಲ್ಲಿ ಏಳು ಸಲ ನನಗೆ ದಾರಿ ಸಿಗುತ್ತದೆ. ಹಾಲು, ಸಕ್ಕರೆ ಎರಡೂ ಬೇಕೆನ್ನುವವರಿಗೆ ಓಯೊ, ಉಪ್ಮನ್. ಡಿಕಾಕ್ಷನ್ ಗಟ್ಟಿಯಿರಲಿ ಎನ್ನುವವರಿಗೆ ಮೊಂತೆಕ್ರಿಸ್ತೊ, ಅದರ ಚೂಪು ತಲೆಯ ನಂಬರ್ 2 ಕೂಡ ಆಗಬಹುದು. ಹಾಲೇ ಬೇಡ ಎನ್ನುವವರು ಪಾರ್ತಗಾಸ್, ಬೊಲಿವಾರ್ ಕಡೆ ನೋಡಲಿ. ಆಮೇಲೆ ನನ್ನ ಸಲಹೆ ಒಂದೇ: ಮೊದಲು ಅದೇ ಮನೆತನದ ರೊಬುಸ್ತೊ ಒಂದನ್ನು ಸೇದಿ ನೋಡಿ. ಓಯೊ ಡಬಲ್ ಕೊರೋನಾದ ಆಸೆಯಿದ್ದರೆ ಎಪಿಕ್ಯೂರ್ ನಂಬರ್ 2, ಲೂಸಿತಾನಿಯಾಸ್ ಆಸೆಯಿದ್ದರೆ ಸೀರೀ ಡಿ ನಂಬರ್ 4. ಒಂದೇ ಮನೆಯ ಅಣ್ಣತಮ್ಮಂದಿರ ಸ್ವಭಾವ ಪೂರ್ತಿ ಒಂದೇ ಆಗಿರುವುದಿಲ್ಲ, ಅಷ್ಟು ಎಚ್ಚರ ಇರಲಿ. ಆದರೆ ಮನೆಯ ಅಡುಗೆ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿಯುತ್ತದೆ. ಹಿಡಿಸಿದರೆ ಆಗ ದೊಡ್ಡದಕ್ಕೆ ಕೈ ಹಾಕಿ. ಪೆಟ್ಟಿಗೆಯ ತಳದಲ್ಲಿ ತಿಂಗಳು, ವರ್ಷದ ಮುದ್ರೆ ಇರುತ್ತದೆ, ತಿರುಗಿಸಿ ನೋಡಿ. ಲೂಸಿತಾನಿಯಾಸ್‌ನಂಥದ್ದು ಹೊಸತರಲ್ಲಿ ಒರಟು, ನಾಲ್ಕೈದು ವರ್ಷ ಕಳೆದರೆ ಮಾತು ಕಲಿತಿರುತ್ತದೆ.

ಬೆಲೆ ನೋಡಿ ಆರಿಸುವ ಚಾಳಿ ಬೇರೆ ಇದೆ. 2022ರಲ್ಲಿ ಕೊಯೀಬಾ ಮತ್ತು ತ್ರಿನಿದಾದ್ ಬ್ರ್ಯಾಂಡುಗಳ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗ್ ಮಟ್ಟಕ್ಕೆ ಏರಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಎಲೆ ಒಣಗಿಸುವ ಮನೆಗಳನ್ನು ಸಾವಿರಗಟ್ಟಲೆ ನೆಲಕ್ಕೆ ಕೆಡವಿತು. ಬೆಲೆ ಏರಿದ್ದರಿಂದ ಎಲೆಯ ರುಚಿ ಏರಲಿಲ್ಲ, ಕೊಳ್ಳುವವರ ಗತ್ತು ಏರಿತು. ನಕಲಿಯ ಗುರುತೇ ಆದ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಅಗ್ಗಕ್ಕೆ ಕೊಯೀಬಾ ಸಿಕ್ಕಿತೆಂದು ಸಂಭ್ರಮದಿಂದ ತಂದು ತೋರಿಸುವವರಿಗೆ ಏನು ಹೇಳಬೇಕೋ ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ನನ್ನ ತಾಯಿ ನಲವತ್ತು ವರ್ಷ ಬೀಡಿ ಕಟ್ಟಿದವರು. ಮನೆಯ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುತ್ತಿದ್ದರು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಸಡಿಲ ಕಟ್ಟಿದ್ದನ್ನು ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಆರಿಸಿ ಎಸೆಯುತ್ತಿದ್ದರು. ನನ್ನ ಶಾಲೆಯ ಫೀಸು ಅದರಿಂದಲೇ ಬಂದದ್ದು, ಅವರ ಕೆಮ್ಮೂ ಅದರಿಂದಲೇ ಬಂದದ್ದಿರಬೇಕು. ಕಿರುಬೆರಳಿಗಿಂತ ಸಪೂರದ ಬೀಡಿಯ ಘಾಟು ಎಷ್ಟೆಂದು ನಮ್ಮ ಊರಿನ ಕಳ್ಳು ಇಳಿಸುವ ಯಾವ ಮೂರ್ತೆದಾರರನ್ನು ಕೇಳಿದರೂ ಹೇಳುತ್ತಾರೆ.

ಒಮ್ಮೆ ರಜೆಗೆ ಹೋದಾಗ ಒಂದು ಡಬಲ್ ಕೊರೋನಾ ತಾಯಿಯ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡರು. ಮೂಸಲಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಅದುಮುತ್ತ ಹೋದರು. ನಡುವೆ ಒಂದು ಕಡೆ ಬೆರಳು ನಿಂತಿತು. “ಇಲ್ಲಿ ಗಂಟು ಕಟ್ಟಿದೆ, ಹೊಗೆ ಹೋಗಲಿಕ್ಕಿಲ್ಲ” ಎಂದರು. ಹಾಗೆ ಅದುಮಿ ನೋಡುವುದನ್ನು ಕಲಿಯಲು ನನಗೆ ಈ ಅಂಗಡಿಯಲ್ಲಿ ಮೂರು ವರ್ಷ ಹಿಡಿದಿತ್ತು. ನೂಲಿಲ್ಲದೆ ಹೇಗೆ ನಿಂತಿದೆ ಎಂದು ಕೇಳಿದರು. ಗಿಡದ ಅಂಟು ಎಂದೆ. ಹವಾನಾದಲ್ಲಿ ಒಬ್ಬರು ದಿನಕ್ಕೆ ಎಷ್ಟು ಕಟ್ಟುತ್ತಾರೆ ಎಂದು ಕೇಳಿದರು. ಇಷ್ಟು ದೊಡ್ಡದಾದರೆ ನೂರರ ಒಳಗೆ ಎಂದೆ.

“ನೂರೇ?” ಎಂದು ಅದನ್ನು ಮೊರದ ಅಂಚಿನಲ್ಲಿಟ್ಟು, ತಮ್ಮ ಕತ್ತರಿಯನ್ನು ಕೈಗೆತ್ತಿಕೊಂಡರು. “ಬ್ರಾಂಚಿನವರು ಕೇಳಿದರೆ ನಕ್ಕಾರು.”