ಸಹಿ ಹಾಕುವ ಮೊದಲು ಓದಿ ಹೇಳಿಸಿಕೊಳ್ಳಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಸಾಕ್ಷಿ ಹೇಳಲು ಬರುವ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ನಾನು ಹೇಳಿದ್ದನ್ನೇ ಬರೆದುಕೊಂಡಿದ್ದಾರೆಯೇ?’ ಕೇಳುವುದು ಮಾತ್ರ ಹೇಳಿಕೆಗೆ ಸಹಿ ಹಾಕಿ ಹೊರಗೆ ಬಂದ ಮೇಲೆ. ಕೇಳಬೇಕಾದದ್ದು ಕಟಕಟೆಯಲ್ಲಿ ನಿಂತಿರುವಾಗ.

ಅವರು ಮಾತನಾಡುವುದು ಕನ್ನಡದಲ್ಲಿ ಇಲ್ಲವೇ ತುಳುವಿನಲ್ಲಿ. ವಕೀಲರ ಪ್ರಶ್ನೆ ಹೆಚ್ಚಾಗಿ ಮಲಯಾಳದಲ್ಲಿ. ಕಡತಕ್ಕೆ ಸೇರುವುದು ಮಲಯಾಳ ಅಥವಾ ಇಂಗ್ಲಿಷ್. ಬದಲಾಗುವುದು ಭಾಷೆಯಷ್ಟೇ ಆಗಿದ್ದರೆ ನನಗೆ ಇಷ್ಟು ಆತಂಕ ಇರುತ್ತಿರಲಿಲ್ಲ. ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುವುದಿಲ್ಲ. ಎಲ್ಲವನ್ನೂ ಸಾಕ್ಷಿಯೇ ಹೇಳುತ್ತಾ ಹೋದಂತೆ ಬರೆಯುತ್ತಾರೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಮೂರು ಸಂಗತಿಗಳನ್ನು ಒಂದೇ ಪ್ರಶ್ನೆಯಲ್ಲಿ ಪೋಣಿಸುತ್ತಾರೆ: ತೋಟದ ಪಶ್ಚಿಮಕ್ಕೆ ಬೇಲಿ ಇತ್ತು, ಅದನ್ನು ನಿಮ್ಮ ಅಣ್ಣ ಹಾಕಿಸಿದ್ದರು, ನೀವು ಆಕ್ಷೇಪಿಸಲಿಲ್ಲ, ಅಲ್ಲವೇ? ಬೇಲಿ ಇದ್ದದ್ದು ನಿಜ, ಹಾಗಾಗಿ ಸಾಕ್ಷಿ ‘ಹೌದು’ ಎನ್ನುತ್ತಾರೆ. ಕಡತದಲ್ಲಿ ಮೂರೂ ಅವರ ಬಾಯಿಂದಲೇ ಬಂದ ವಾಕ್ಯಗಳಾಗಿಬಿಡುತ್ತವೆ. ಸಂವಿಧಾನದ 348ನೇ ವಿಧಿಯ ಪ್ರಕಾರ, ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಹೈಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. ಅಲ್ಲಿ ಮೇಲ್ಮನವಿ ಕೇಳುವ ನ್ಯಾಯಮೂರ್ತಿಗಳು ಓದುವುದು ಆ ವಾಕ್ಯಗಳನ್ನು ಮಾತ್ರ. ಸಾಕ್ಷಿ ತಡವರಿಸಿದ್ದಾಗಲಿ, ಪ್ರಶ್ನೆ ಅರ್ಥವಾಗದೆ ಸುತ್ತ ನೋಡಿದ್ದಾಗಲಿ ಅಲ್ಲಿಗೆ ತಲುಪುವುದು ಅಪರೂಪ.

ಕಾನೂನು ಇದನ್ನು ಮುಂಗಂಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 313ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 278, ಸೆಷನ್ಸ್ ಮತ್ತು ವಾರಂಟ್ ಪ್ರಕರಣಗಳಲ್ಲಿ (ಹೆಚ್ಚು ಗಂಭೀರ ಅಪರಾಧಗಳ ವಿಚಾರಣೆಯಲ್ಲಿ) ಸಾಕ್ಷ್ಯ ಮುಗಿದ ಕೂಡಲೇ ಅದನ್ನು ಸಾಕ್ಷಿಗೆ ಓದಿ ಹೇಳಬೇಕು ಎನ್ನುತ್ತದೆ. ಬರೆದ ಭಾಷೆ ತಿಳಿಯದಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ತಪ್ಪಿದ್ದರೆ ತಿದ್ದಬೇಕು, ತಿದ್ದದಿದ್ದರೆ ಸಾಕ್ಷಿಯ ಆಕ್ಷೇಪವನ್ನು ನ್ಯಾಯಾಧೀಶರು ಟಿಪ್ಪಣಿಯಾಗಿ ದಾಖಲಿಸಬಹುದು. ಆ ಟಿಪ್ಪಣಿಯ ಬೆಲೆ ಮೇಲ್ಮನವಿಯಲ್ಲಿ ತಿಳಿಯುತ್ತದೆ. ಆಸ್ತಿ ವ್ಯಾಜ್ಯಗಳಲ್ಲಿಯೂ, ಮೇಲ್ಮನವಿಗೆ ಅವಕಾಶವಿರುವ ದಾವೆಗಳಿಗೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಇದೇ ರಕ್ಷಣೆ ನೀಡುತ್ತದೆ. ಕೇಸುಗಳ ಒತ್ತಡದಲ್ಲಿ ಈ ಹಂತ ಅವಸರದಲ್ಲಿ ಮುಗಿಯಬಾರದೆಂದಿದ್ದರೆ ಸಾಕ್ಷಿಯೇ ಬಾಯಿ ತೆರೆಯಬೇಕು. ‘ಕನ್ನಡದಲ್ಲಿ ಹೇಳಿ’ ಎನ್ನುವುದು ಉದ್ಧಟತನವಲ್ಲ, ಹಕ್ಕು.

ಪೊಲೀಸ್ ಠಾಣೆಯಲ್ಲಿ ನೆನಪಿಡಬೇಕಾದದ್ದು ಎರಡು. ದೂರನ್ನು ಬರೆದುಕೊಂಡ ಮೇಲೆ ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆಯ ವೇಳೆ ಸಾಕ್ಷಿಯಾಗಿ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ.

ತಿಳಿಯದ ಭಾಷೆಯ ಕಾಗದ ಕೈಗಿತ್ತ ಮಾತ್ರಕ್ಕೆ ತಿಳಿಸಿದಂತಾಗುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಸ್ಪಷ್ಟಪಡಿಸಿದೆ. ಹರಿಕಿಷನ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ ಮುಂಜಾಗ್ರತಾ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಬಂಧಿತರಿಗೆ ಇಂಗ್ಲಿಷ್ ಬಾರದು. ಹಿಂದಿ ಅನುವಾದ ಕೇಳಿದರು, ಅಧಿಕಾರಿಗಳು ಒಪ್ಪಲಿಲ್ಲ. ರಾಜ್ಯದ ಅಧಿಕೃತ ಭಾಷೆ ಇಂಗ್ಲಿಷ್ ಎಂಬ ವಾದವನ್ನು ನ್ಯಾಯಾಲಯ ಒಪ್ಪದೆ ಬಂಧನವನ್ನೇ ಅಕ್ರಮವೆಂದಿತು. ಗಡಿಯಲ್ಲಿ ವಕೀಲಿಕೆ ಮಾಡುವವರಿಗೆ ಈ ತೀರ್ಪು ಬಾಯಿಪಾಠವಾಗಿರಬೇಕು ಎಂದು ನಾನು ನಂಬಿದ್ದೇನೆ.

ಇನ್ನು ಹಳೆಯ ಕನ್ನಡ ದಾಖಲೆಗಳು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಾಗಿ ಅನೇಕ ಮನೆಗಳ ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ), ವಿಭಾಗ ಪತ್ರಗಳು ಕನ್ನಡದಲ್ಲಿವೆ. ಅವುಗಳ ಅನುವಾದ ನ್ಯಾಯಾಲಯಕ್ಕೆ ಹೋಗುವ ಮೊದಲು ಚಕ್ಕುಬಂದಿಯ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿಗಳ, ಭಾಗವನ್ನಾದರೂ ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿ. ಆ ಜಾಗದ ತೋಡು, ಗುಡ್ಡ, ಕಟ್ಟಪುಣಿಗಳನ್ನು (ಗದ್ದೆಯ ಬದುಗಳನ್ನು) ಕಣ್ಣಾರೆ ಬಲ್ಲ ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳಿ. ಅನುವಾದಕರಿಗೆ ಅವು ಗೊತ್ತಿರುವುದಿಲ್ಲ.